ಡಿ ಡ್ರೈವ್‌ನಲ್ಲಿದ್ದ ದನಿ

ಶಿವಾಜಿನಗರದಲ್ಲಿ ಬರೀ ಗಯಾಜ್ ಎಂದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಹರಾಜು ಗಯಾಜ್ ಎನ್ನಬೇಕಿತ್ತು. ದಂಡು ಪ್ರದೇಶದ ಹಳೆಯ ಬಂಗಲೆಗಳಿಂದ ಬಂದ ಬೀಟೆ ಮರದ ಬೀರು, ಕಾಲು ಅಲುಗುವ ಟೀಪಾಯಿ, ನಿಂತುಹೋದ ಗೋಡೆ ಗಡಿಯಾರ, ಏನನ್ನೇ ತಂದು ಮುಂದಿಟ್ಟರೂ ಅವರು ಸ್ಟೂಲು ಹತ್ತಿ ಕೂಗಿದರೆ ಅದಕ್ಕೊಬ್ಬ ಗಿರಾಕಿ ಹುಟ್ಟಿಕೊಳ್ಳುತ್ತಿದ್ದ. ಕನ್ನಡದಲ್ಲಿ ಶುರುವಾದ ಮಾತು ತಮಿಳಿಗೆ ಹಾಯ್ದು, ದಖನಿ ಉರ್ದುವಿನಲ್ಲಿ ಯಾರದೋ ಕಾಲೆಳೆದು, "ಒಂದು ಸಲ, ಎರಡು ಸಲ" ಎನ್ನುವ ಹೊತ್ತಿಗೆ ಮತ್ತೆ ಕನ್ನಡಕ್ಕೆ ಬಂದಿರುತ್ತಿತ್ತು. ಮೈಕಿನ ಹಂಗು ಅವರಿಗಿರಲಿಲ್ಲ.

ಆ ಗಂಟಲಿಗೇ ಕ್ಯಾನ್ಸರ್ ಬಂತು. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯದೆ ಬೇರೆ ದಾರಿಯಿಲ್ಲ ಎಂದರು ಡಾಕ್ಟರು.

ಮಗಳು ಅಂಬ್ರೀನ್ ಫ್ರೇಜರ್ ಟೌನಿನ ಶಾಲೆಯೊಂದರಲ್ಲಿ ಕಂಪ್ಯೂಟರ್ ಟೀಚರ್. ಅವಳು ಅಳುತ್ತ ಕೂರಲಿಲ್ಲ. ಆಪರೇಷನ್ನಿಗೆ ಮುಂಚೆ ಹೊರಗಿನ ಸದ್ದು ಬಾರದಂತೆ ಒಳಕೋಣೆಯ ಬಾಗಿಲಿಗೆ ರಜಾಯಿ ಇಳಿಬಿಟ್ಟು, ಅಪ್ಪನನ್ನು ಕೂರಿಸಿಕೊಂಡು, ಪೇಪರು ಓದಿಸಿದಳು, ಹರಾಜು ಕೂಗಿಸಿದಳು, ಎಲ್ಲವನ್ನೂ ರೆಕಾರ್ಡ್ ಮಾಡಿಕೊಂಡಳು.

"ಇದನ್ನೆಲ್ಲ ಕೇಳಿಸಿದ್ರೆ ಕಂಪ್ಯೂಟರ್ ನಿಮ್ಮ ದನಿ ಕಲಿಯುತ್ತೆ ಅಬ್ಬಾ. ಆಮೇಲೆ ನೀವು ಟೈಪ್ ಮಾಡಿದ್ದನ್ನ ಅದು ನಿಮ್ಮ ಥರಾನೇ ಹೇಳುತ್ತೆ."

ಗಯಾಜ್ ಅವರಿಗೆ ನಂಬಿಕೆ ಬರಲಿಲ್ಲ. ಆದರೆ ಕತ್ತಿನಲ್ಲಿ ಉಸಿರಾಟದ ರಂಧ್ರ ಇಟ್ಟುಕೊಂಡು ಮನೆಗೆ ಬಂದು, ಮಕ್ಕಳು ಗೀಚುವ ಎಲೆಕ್ಟ್ರಾನಿಕ್ ಸ್ಲೇಟಿನಲ್ಲಿ 'ಚಹಾ' ಎಂದು ಬರೆದು ತೋರಿಸಬೇಕಾದ ಮೇಲೆ, ನಂಬದೆ ಇರಲು ಆಗಲಿಲ್ಲ. ಆಸ್ಪತ್ರೆಯವರು ಹೊಸ ರೀತಿಯಲ್ಲಿ ಮಾತು ಕಲಿಸುವ ಕ್ಲಾಸಿಗೆ ಬನ್ನಿ ಎಂದು ಕರೆಯುತ್ತಲೇ ಇದ್ದರು. ಅವರು ಹೋಗಲಿಲ್ಲ. ತಮ್ಮ ದನಿ ಲ್ಯಾಪ್‌ಟಾಪಿನೊಳಗೆ ಕ್ಷೇಮವಾಗಿರುವಾಗ ಬೇರೊಂದು ಯಾಕೆ?

ದನಿ ಕಲಿಸಲು ಅಂಬ್ರೀನ್ ಆರಿಸಿದ್ದ ಸಾಫ್ಟ್‌ವೇರ್, ವಿಂಡೋಸಿನಂಥದೇ ಇನ್ನೊಂದು ವ್ಯವಸ್ಥೆಯಾದ ಲಿನಕ್ಸ್‌ನಲ್ಲಿ ಮಾತ್ರ ಸರಿಯಾಗಿ ಓಡುತ್ತಿತ್ತು. ಮನೆಯಲ್ಲಿದ್ದದ್ದು ಒಂದೇ ಲ್ಯಾಪ್‌ಟಾಪ್, ಅದರಲ್ಲಿ ವಿಂಡೋಸ್.

"ವಿಂಡೋಸ್ ಮುಟ್ಬೇಡ ನೋಡು," ಎಂದು ತಾಯಿ ಸಾಬಿರಾ ಮೊದಲೇ ಎಚ್ಚರಿಸಿದರು. "ನನ್ನ ಎಂಬ್ರಾಯ್ಡರಿ ಮಷೀನಿನ ಡಿಸೈನೆಲ್ಲ ಅದರಲ್ಲೇ ಇರೋದು."

"ಮುಟ್ಟಲ್ಲಮ್ಮಿ. ಎರಡೂ ಇರುತ್ವೆ. ಆನ್ ಮಾಡ್ದಾಗ ಯಾವುದು ಬೇಕು ಅಂತ ಅದೇ ಕೇಳುತ್ತೆ."

ಭಾನುವಾರ ಊಟವಾದ ಮೇಲೆ ಕೆಲಸಕ್ಕೆ ಕೂತಳು. ಲಿನಕ್ಸ್ ತುಂಬಲು ಪೆನ್‌ಡ್ರೈವ್ ಬೇಕು ಎಂದಾಗ, ಶೆಲ್ಫಿನ ಮೇಲಿದ್ದುದನ್ನು ತೆಗೆದುಕೊಟ್ಟವರು ಗಯಾಜ್ ಅವರೇ. ಅದರಲ್ಲಿ ರೆಕಾರ್ಡಿಂಗಿನ ಇನ್ನೊಂದು ಪ್ರತಿ ಇತ್ತು. "ಪರವಾಗಿಲ್ಲ, ಇದನ್ನ ಅಳಿಸಿದ್ರೂ ಡಿ ಡ್ರೈವ್‌ನಲ್ಲಿ ಒರಿಜಿನಲ್ ಇದೆ," ಎಂದಳು ಅಂಬ್ರೀನ್. ಪೆನ್‌ಡ್ರೈವ್ ಖಾಲಿಯಾಗಿ ಅದರಲ್ಲಿ ಲಿನಕ್ಸ್ ತುಂಬಿಕೊಂಡಿತು.

ಆಮೇಲೆ ವಿಂಡೋಸ್ ಇದ್ದ ಸಿ ಡ್ರೈವನ್ನು ಕುಗ್ಗಿಸಿ ಜಾಗ ಬಿಡಿಸಿದಳು. ಪರದೆಯ ಮೇಲೆ ಉದ್ದಕ್ಕೆ ಬಣ್ಣದ ಪಟ್ಟಿಗಳು ಬಂದವು. "ಗೋಡೌನ್ ಥರ ಅಬ್ಬಾ. ಇದು ವಿಂಡೋಸಿನ ಕೋಣೆ, ಇದು ಡಿ ಡ್ರೈವ್, ನಿಮ್ಮ ದನಿ ಇರೋದು. ಇಕೋ ಈ ಬೂದು ಬಣ್ಣದ್ದು ಖಾಲಿ. ಇಲ್ಲಿ ಲಿನಕ್ಸ್ ಕೂರಿಸ್ತೀನಿ."

ಪೆನ್‌ಡ್ರೈವ್‌ನಿಂದ ಆನ್ ಮಾಡಿದಾಗ ಪರದೆಯ ಚಹರೆಯೇ ಬೇರೆಯಾಯಿತು. ಸಿ, ಡಿ ಎಂಬ ಹೆಸರುಗಳು ಕಾಣಲಿಲ್ಲ, ಅಕ್ಷರ ಅಂಕಿ ಬೆರೆತ ಉದ್ದುದ್ದ ಸಾಲುಗಳಿದ್ದವು. ಖಾಲಿ ಜಾಗವೂ ಡಿ ಡ್ರೈವೂ ಹೆಚ್ಚುಕಡಿಮೆ ಒಂದೇ ಅಳತೆಯವು. ಅಂಬ್ರೀನ್ ಒಂದು ಸಾಲನ್ನು ಆರಿಸಿ, ಇದ್ದುದನ್ನೆಲ್ಲ ಅಳಿಸುವ ಫಾರ್ಮ್ಯಾಟ್ ಎಂಬಲ್ಲಿ ಟಿಕ್ ಹಾಕಿದಳು.

ಗಯಾಜ್ ಪಕ್ಕದಲ್ಲೇ ಇದ್ದರು. ಮಗಳು ಆರಿಸಿದ್ದು ಆಗ ತೋರಿಸಿದ ಖಾಲಿ ಜಾಗವಲ್ಲ ಎನಿಸಿತು. ಅನುಮಾನವಷ್ಟೇ, ಅವರಿಗೇನು ಗೊತ್ತು ಇದರ ಸಂಗತಿ. ಆದರೂ 'ನಿಲ್ಲು' ಎನ್ನಲು ಬಾಯಿ ತೆರೆದರು. ಕತ್ತಿನ ರಂಧ್ರದಿಂದ ಬರೀ ಗಾಳಿ ಬಂತು. ಸ್ಲೇಟು ಮಂಚದ ಮೇಲೆಲ್ಲೋ ಉಳಿದಿತ್ತು. ಬೆರಳಿನಿಂದ ಮೇಜು ಕುಟ್ಟಿದರು.

"ಒಂದ್ನಿಮಿಷ ಅಬ್ಬಾ, ಇದೊಂದು ಮುಗಿಸಿ ಏನು ಬೇಕೋ ಕೊಡ್ತೀನಿ," ಎಂದವಳು ತಿರುಗಿ ನೋಡದೆ ಒತ್ತಿಬಿಟ್ಟಳು.

ಎಲ್ಲ ಸುಸೂತ್ರವಾಗಿಯೇ ಮುಗಿದಂತೆ ಕಂಡಿತು. ಲಿನಕ್ಸ್ ಬಂತು. ವಿಂಡೋಸೂ ಬಂತು, ಸಾಬಿರಾ ಅವರ ಹೂಬಳ್ಳಿಗಳೆಲ್ಲ ಇದ್ದ ಹಾಗೇ ಇದ್ದವು. ಡಿ ಡ್ರೈವ್ ಇರಲಿಲ್ಲ. ಅಂಬ್ರೀನ್ ಅದನ್ನು ಎರಡೆರಡು ಸಲ ಹುಡುಕಿದಳು. ಗರುಡಾಚಾರ್‌ಪಾಳ್ಯದ ಕಂಪನಿಯೊಂದರಲ್ಲಿದ್ದ ಕಾಲೇಜು ಗೆಳೆಯ ಪ್ರೇಮ್‌ಕುಮಾರ್‌ಗೆ ಫೋನ್ ಹಚ್ಚಿದಳು.

"ಮೊದ್ಲು ಆಫ್ ಮಾಡು," ಎಂದ ಅವನು. "ಅದರ ಮೇಲೆ ಇನ್ನೊಂದಕ್ಷರ ಬರೀಬೇಡ. ನಾಳೆ ತಂದ್ಕೊಡು, ಎಷ್ಟು ಸಿಗುತ್ತೋ ನೋಡೋಣ."

ಆ ಸಂಜೆ ಮನೆಯಲ್ಲಿ ಯಾರೂ ಯಾರನ್ನೂ ಬೈಯಲಿಲ್ಲ, ಅದೇ ಹೆಚ್ಚು ಹಿಂಸೆಯಾಗಿತ್ತು.

ವಾರದ ಮೇಲೆ ಪ್ರೇಮ್‌ಕುಮಾರ್ ತಾನೇ ಮನೆಗೆ ಬಂದ. "ಹೊಸದು ಹಳೇದರ ಮೇಲೆ ಕೂತ್ಬಿಟ್ಟಿದೆ ಅಂಕಲ್. ಚೂರುಪಾರು ಸಿಕ್ಕಿದೆ. ದನಿ ಕಲಿಸೋಕೆ ಇಷ್ಟು ಸಾಲಲ್ಲ." ಸಿಕ್ಕಿದ್ದನ್ನು ಹಾಕಿ ಕೇಳಿಸಿದ. ಪೇಪರಿನ ಅರ್ಧ ವಾಕ್ಯ. ಕೆಮ್ಮು. ನಡುವೆ ತುಂಡಾದ ಒಂದು ಕೂಗು. ಮತ್ತೆ, "ಸಾಕು ಬೇಟಾ, ಉಳಿದದ್ದು ನಾಳೆ ಓದ್ತೀನಿ" ಎಂದು ಬೇಸರಪಟ್ಟ ದನಿ. ಸಾಬಿರಾ ಎದ್ದು ಅಡುಗೆಮನೆಗೆ ಹೋದರು, ನಲ್ಲಿ ತಿರುಗಿಸಿದ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ಗಯಾಜ್ ಅವರಿಗೆ ಅದು ಯಾರೋ ಗುರುತಿನವರ ದನಿಯಂತೆ ಕೇಳಿಸಿತು, ಊರು ಬಿಟ್ಟು ಹೋದವರದು.

ಗೆಳೆಯ ಹೋದ ಮೇಲೆ ಅಂಬ್ರೀನ್ ಅಪ್ಪನ ಮುಂದೆ ನೆಲದ ಮೇಲೆ ಕೂತಳು.

"ಅವತ್ತು ನೀವು ಮೇಜು ಕುಟ್ಟಿದ್ರಲ್ಲ ಅಬ್ಬಾ. ಯಾಕೆ? ನಿಮಗೆ ಕಂಡಿತ್ತಾ?"

ಗಯಾಜ್ ಸ್ಲೇಟು ಎತ್ತಿಕೊಂಡರು. ಜೀವನವಿಡೀ ಬಿರುಕು ಬಿಟ್ಟ ಕುರ್ಚಿಯನ್ನು ಗಟ್ಟಿಮುಟ್ಟು ಎಂದು ಹೊಗಳಿ ಮಾರಿದವರ ಬೆರಳು ಈ ಒಂದು ಸುಳ್ಳಿಗೆ ಸುಲಭಕ್ಕೆ ಮುಂದೆ ಹೋಗಲಿಲ್ಲ. ನಿಧಾನವಾಗಿ ಬರೆದರು: 'ನೀರು ಬೇಕಿತ್ತು.'

ಅಂಬ್ರೀನ್ ಅದನ್ನು ಓದಿದಳು. ಅವರ ಮುಖ ನೋಡಿದಳು. ಅವರ ಮೊಣಕಾಲಿಗೆ ಹಣೆಯಿಟ್ಟು ಅತ್ತಳು. ತಲೆ ಸವರುವುದಕ್ಕಿಂತ ಹೆಚ್ಚಿನದೇನೂ ಅವರಿಗೆ ಸಾಧ್ಯವಾಗಲಿಲ್ಲ.

ಮುಂದಿನ ವಾರ ಗಯಾಜ್ ತಾವೇ ಚಪ್ಪಲಿ ಮೆಟ್ಟಿಕೊಂಡು ಆಸ್ಪತ್ರೆಯ ಕ್ಲಾಸಿಗೆ ಹೊರಟರು. ಅಂಬ್ರೀನ್ ರಜೆ ಹಾಕಿ ಜೊತೆಗೆ ಬಂದಳು. ಅಲ್ಲಿ ಕತ್ತಿಗೆ ಬಟ್ಟೆ ಕಟ್ಟಿದ ನಾಲ್ಕಾರು ಮಂದಿ ಸುತ್ತ ಕೂತಿದ್ದರು. ಕಲಿಸುವವರ ಹೆಸರು ಸುಜಾತಾ.

"ಗಾಳಿ ನುಂಗಿ. ಹೊಟ್ಟೆಗೆ ಇಳಿಯೋಕೆ ಬಿಡ್ಬೇಡಿ. ತೇಗು ಬರುತ್ತಲ್ಲ, ಹಂಗೆ ಹೊರಗೆ ತಳ್ಳಿ. ತಳ್ಳುವಾಗ 'ಬಾ' ಅನ್ನಿ ಸರ್."

ಅವರು ನುಂಗಿದರು. ಏನೂ ಬರಲಿಲ್ಲ. ಮತ್ತೆ ನುಂಗಿದರು, ಕಣ್ಣಲ್ಲಿ ನೀರು ಬಂತು. ಬಹಳ ಹೊತ್ತಿನ ಮೇಲೆ ಒಳಗಿನಿಂದ ಒರಟಾದ, ಒದ್ದೆಯಾದ ಸದ್ದೊಂದು ಎದ್ದುಬಂತು. ಅದರಲ್ಲಿ ಗಯಾಜ್ ಎಲ್ಲೂ ಇರಲಿಲ್ಲ. ಬಾಗಿಲ ಬಳಿ ನಿಂತಿದ್ದ ಅಂಬ್ರೀನ್ ಮುಖ ತಿರುಗಿಸಿಕೊಂಡದ್ದನ್ನು ಅವರು ಕಂಡರು.

"ಇನ್ನೊಂದು ಸಲ," ಎಂದರು ಸುಜಾತಾ.

ಗಯಾಜ್ ಮತ್ತೆ ಗಾಳಿ ನುಂಗಿದರು.