ಹನ್ನೊಂದನೆಯ ಟವಲ್

ಕಾಂತಮ್ಮನಿಗೆ ಸಾಕುಸಾಕಾಗಿ ಹೋಗಿತ್ತು. ಬಂಗಾರಪೇಟೆಯ ಸರ್ಕಾರಿ ಆಸ್ಪತ್ರೆಯ ಕಿಟಕಿಯಲ್ಲಿ ಕೂತು ಚೀಟಿ ಬರೆಯಲು ಶುರು ಮಾಡಿ ಎಂಬತ್ನಾಲ್ಕನೆಯ ಇಸವಿಗೆ ಹದಿನಾರು ವರ್ಷ. ಹೆಸರು, ಊರು, ಏನು ಕಾಯಿಲೆ. ಹೆಸರು, ಊರು, ಏನು ಕಾಯಿಲೆ. ಬೆಳಗಿಂದ ಸಂಜೆವರೆಗೆ ಇದೇ ರಾಮಾಯಣ. ಮನೆಗೆ ಹೋದರೆ ಮಂಡಿ ಮಡಿಸಲು ಆಗದು, ಯಾರ ಹತ್ತಿರವೂ ಮಾತು ಬೇಡ.

ಆದರೂ ಒಂದು ವಿಷಯದಲ್ಲಿ ಆಕೆಗೆ ಬಲು ಹೆಮ್ಮೆ: ಸರದಿ. ಕ್ಯಾಸಂಬಳ್ಳಿ, ಬೇತಮಂಗಲದ ಕಡೆಯವರು ಮೊದಲ ಬಸ್ಸಿಗೇ ಬಂದು, ಕಿಟಕಿಯ ಮುಂದೆ ಸಾಲಾಗಿ ಟವಲ್ಲೋ ಚೀಲವೋ ಕಲ್ಲೋ ಇಟ್ಟು ಬೇವಿನ ಮರದಡಿ ಹೋಗಿ ಕೂರುತ್ತಿದ್ದರು. ಟವಲ್ ಇದ್ದರೆ ಆಳೇ ನಿಂತಂತೆ. ಪಂಚಾಯಿತಿ ಚೇರ್ಮನ್ನರೇ ಬಂದು ಮೀಸೆ ತಿರುವಿದರೂ ಕಾಂತಮ್ಮ ಅದನ್ನು ದಾಟಲು ಬಿಟ್ಟವಳಲ್ಲ. ಕೂಗಿದಾಗ ಆಳು ಬರದಿದ್ದರೆ ಮಾತ್ರ ಟವಲ್ ಸಾಲಿನ ಕೊನೆಗೆ. ಅದೂ ನ್ಯಾಯವೇ ಅಲ್ಲವೆ?

ಆ ಬೇಸಿಗೆಯಲ್ಲಿ ಅನಸೂಯಮ್ಮ ಎಂಬ ಹೊಸ ನರ್ಸ್ ಬಂದರು. ಯಾರನ್ನು ಚೀಟಿಯಿಲ್ಲದೆ ನೇರ ಒಳಗೆ ಕಳಿಸಬೇಕು ಎಂದು ಕಾಂತಮ್ಮನಿಗೆ ಪಾಠ ಮಾಡಲು ದೊಡ್ಡ ಡಾಕ್ಟರು ಅವರಿಗೆ ಹೇಳಿದ್ದರು.

“ಬೆವರು ನೋಡಿ, ಉಸಿರು ನೋಡಿ. ಕಿರುಚೋವ್ರಿಗಿಂತ ಸುಮ್ಮನಿರೋವ್ರನ್ನ ಮೊದಲು ನೋಡಿ, ಕಾಂತಮ್ಮ. ಸಾಲಲ್ಲಿ ನಿಲ್ಲೋಕಾಗದವ್ರು ಎಲ್ಲಿದಾರೆ ಅಂತ ಎದ್ದು ಹೋಗಿ ನೋಡ್ಬೇಕು.”

“ಎದ್ದು ಓಗಿ ನೋಡೋಕೆ ನಂಗೇನು ಇಪ್ಪತ್ತು ವರ್ಸಾನಾ ಸಿಸ್ಟರ್? ಒಬ್ರುನ್ನ ಮುಂದೆ ಬಿಟ್ರೆ ಮಿಕ್ಕಿದವ್ರು ನನ್ನ ಜುಟ್ಟು ಹಿಡೀತಾರೆ.”

ಅನಸೂಯಮ್ಮ ನಕ್ಕರು. ಕಾಂತಮ್ಮ ನಗಲಿಲ್ಲ. ನಿನ್ನೆ ಮೊನ್ನೆ ಬಂದವಳು ನನಗೆ ಹೇಳಿಕೊಡುತ್ತಾಳಂತೆ, ನೋಡಿ!

ಮೂರು ದಿನ ಕಳೆದು ಸೋಮವಾರ. ಜನವೋ ಜನ. ಹನ್ನೊಂದನೆಯ ಜಾಗದಲ್ಲಿ ಒಂದು ಟವಲ್ ಇತ್ತು.

“ಯಾರ್ದು ಟವಲ್ಲು?” ಕಾಂತಮ್ಮ ಕೂಗಿದಳು. ಯಾರೂ ಬರಲಿಲ್ಲ. ಪಾಠ ನೆನಪಾಗಲಿಲ್ಲವೆಂದರೆ ಸುಳ್ಳಾದೀತು. ಮೇಜಿಗೆ ಕೈ ಊರಿ ಏಳಹೋದಳು, ಮಂಡಿ ಚುಳ್ಳೆಂದಿತು, ಮತ್ತೆ ಕೂತಳು.

“ಟೀ ಕುಡಿಯೋಕೆ ಓಗಿರ್ತಾರೆ. ಕೊನೆಗಾಕ್ರಿ,” ಎಂದಳು. ಹಿಂದಿದ್ದವರು ಟವಲ್ಲನ್ನು ಕೊನೆಗೆ ಸಾಗಿಸಿದರು.

ಅರ್ಧ ಗಂಟೆಯ ಮೇಲೆ ಮರದ ಕಡೆಯಿಂದ ಹೆಂಗಸೊಬ್ಬಳ ಗೋಳು ಕೇಳಿತು. ಕ್ಯಾಸಂಬಳ್ಳಿ ಕಡೆಯ ಮುನಿಶಾಮಿಗೆ ಎಚ್ಚರವಿರಲಿಲ್ಲ. ಎದೆ ಹಿಂಡುತ್ತದೆಂದು ಬಂದವನು, ನಿಲ್ಲಲಾಗದೆ ಆ ಹನ್ನೊಂದನೆಯ ಟವಲ್ ಇಟ್ಟು ಮರದಡಿ ಮಲಗಿದ್ದ. ಅನಸೂಯಮ್ಮ ಓಡಿದರು, ಸ್ಟ್ರೆಚರ್ ಬಂತು, ಡಾಕ್ಟರು ಎದೆ ಒತ್ತಿದರು. ಅಷ್ಟರಲ್ಲಿ ಎಲ್ಲ ಮುಗಿದಿತ್ತು.

ಮಧ್ಯಾಹ್ನ ಅವನ ಹೆಂಡತಿ ಮುನಿಯಮ್ಮ ಕಿಟಕಿಗೆ ಬಂದಳು. ಅತ್ತು ಅತ್ತು ಗಂಟಲು ಬಿದ್ದುಹೋಗಿತ್ತು.

“ಗ್ಯಾಸು ಕಣೇ ಅಂದ. ಸೋಡಾ ತರೋಕೆ ಟೇಸನ್ ತಾವ ಓಗಿದ್ದೆ, ತಡವಾಯ್ತು. ನಾನಿಲ್ದಾಗ ನಮ್ಮ ಸರದಿ ಬಂದಿತ್ತಾ ಅಮ್ಮಾ? ನಾನಿದ್ದಿದ್ರೆ ನಮ್ಮಾಯಪ್ಪ ಬದುಕ್ತಿದ್ನಾ?”

ಸರದಿ ಬಂದೇ ಇರಲಿಲ್ಲ ಎಂದುಬಿಟ್ಟರೆ ಇಬ್ಬರಿಗೂ ನೆಮ್ಮದಿ. ಕಾಂತಮ್ಮನ ಬಾಯಿಗೆ ಆ ಮಾತು ಬಂದೂ ಬಂತು. ಆದರೆ ಸಾಲಿನಲ್ಲಿದ್ದವರೆಲ್ಲ ಅವಳ ಕೂಗು ಕೇಳಿದ್ದರು. ಇವತ್ತಲ್ಲ ನಾಳೆ ಯಾರಾದರೂ ಹೇಳುತ್ತಾರೆ, ಈಕೆ ಸೋಡಾ ತರಲು ಹೋದದ್ದಕ್ಕೆ ಜೀವಮಾನವೆಲ್ಲ ಬೇಯುತ್ತಾಳೆ.

“ಬಂದಿತ್ತಮ್ಮ. ಕೂಗ್ದೆ. ಯಾರೂ ಬರ್ಲಿಲ್ಲ ಅಂತ ಕೊನೆಗಾಕಿಸ್ದೆ. ಎದ್ದು ಓಗಿ ನೋಡು ಅಂತ ಸಿಸ್ಟರ್ ಪಾಠ ಮಾಡಿದ್ರು. ನಾನು ಎದ್ದೇಳ್ಲಿಲ್ಲ. ತಪ್ಪು ನಂದು, ನಿಂದಲ್ಲ.”

ಬೈಯಲಿ, ಮಣ್ಣು ತೂರಲಿ ಎಂದು ಕಾದಳು. ಮುನಿಯಮ್ಮ ಕಿಟಕಿಯ ಕಂಬಿ ಹಿಡಿದುಕೊಂಡಳು.

“ನೀನು ಕೂಗಿದ್ದು ಆಯಪ್ಪನ ಕಿವಿಗೆ ಬಿದ್ದಿರ್ತದೆ ಕಣಮ್ಮಾ,” ಎಂದಳು. “ಬತ್ತೀನಿ ಅನ್ನೋಕೆ ಆಗಿರಲ್ಲ.”