ನನ್ನ ಕೈಯಲ್ಲಿದ್ದ ಭಟ್ಟರ ವಾಚು

ಅಡಿಗೆ ಭಟ್ಟರ ಮುಂಗೈಯಲ್ಲಿ ಒಂದು ಕೂದಲೂ ಇರಲಿಲ್ಲ. ಒಲೆಯ ಉರಿ ಎಲ್ಲವನ್ನೂ ಎಂದೋ ಸುಟ್ಟಿತ್ತು. ಆ ನುಣುಪು ಕೈಗೆ ಕೊನೆಗಾಲದಲ್ಲಿ ಕಪ್ಪು ರಬ್ಬರ್ ಪಟ್ಟಿಯ ವಾಚೊಂದು ಬಂತು. ಹೃದಯಕ್ಕೆ ಸ್ಟೆಂಟ್ ಹಾಕಿಸಿದ ಮೇಲೆ, ಶಿವಮೊಗ್ಗದಲ್ಲಿ ನರ್ಸ್ ಆಗಿರುವ ಮಗಳು ತಂದು ಕಟ್ಟಿದ್ದು. ಅದು ಎದೆಬಡಿತ ಎಣಿಸಿ, ಭಟ್ಟರ ಫೋನಿನ ಮೂಲಕ ಅವಳ ಫೋನಿಗೆ ತಲುಪಿಸುತ್ತಿತ್ತು. "ಇದು ಕೈಯಲ್ಲಿದ್ರೆ ಮಾತ್ರ ಅಡಿಗೆಗೆ ಹೋಗ್ಬಹುದು ಅಪ್ಪಯ್ಯ" ಎಂದು ಕರಾರು ಹಾಕಿದ್ದಳು.

ಕೊಪ್ಪ, ಶೃಂಗೇರಿಯ ಸುತ್ತ ಎಷ್ಟೋ ಮನೆಗಳ ಪೂಜೆ, ಉಪನಯನದ ಅಡಿಗೆ ಅವರದೇ. ತರಕಾರಿ ಹೆಚ್ಚುವುದು, ಬಡಿಸುವುದು ನನ್ನ ಪಾಲು. ನೈವೇದ್ಯಕ್ಕೆ ಮೊದಲು ರುಚಿ ನೋಡುವಂತಿಲ್ಲ. ಸಾರಿನ ಪರಿಮಳದಲ್ಲೇ ಅವರಿಗೆ ಹದ ಗೊತ್ತಾಗುತ್ತಿತ್ತು. ನನ್ನ ಹೋಳು ದಪ್ಪವಾದರೆ, "ಎಂತ ಮಾರಾಯ, ಇದು ಸೌತೆಕಾಯಿಯೋ ಸೌದೆಯೋ?" ಎನ್ನುತ್ತಿದ್ದರು.

ಮಗಳ ಕರಾರು ಪಾಲಿಸುವುದು ಮಾತ್ರ ಕಷ್ಟವಿತ್ತು. ಸ್ನಾನ ಮಾಡಿ ಮಡಿಪಂಚೆ ಉಟ್ಟು ಒಲೆಯ ಮುಂದೆ ನಿಂತ ಮೇಲೆ ಭಟ್ಟರ ಮೈಮೇಲೆ ರಬ್ಬರ್ ಪಟ್ಟಿ ಇರಕೂಡದು. ಬಿಚ್ಚಿಟ್ಟರೆ ಮಗಳ ಫೋನಿನಲ್ಲಿ ಏನೂ ಕಾಣದು, ಅವಳು ಗಾಬರಿಯಾಗುತ್ತಾಳೆ. ಒಲೆ ಮುಟ್ಟದ ನನಗೆ ಆ ಮಡಿ ಇಲ್ಲದ್ದರಿಂದ ಅವರೇ ಒಂದು ದಾರಿ ಕಂಡುಕೊಂಡರು. ಸ್ನಾನಕ್ಕೆ ಹೋಗುವ ಮುಂಚೆ ತಮ್ಮ ಫೋನನ್ನು ನನ್ನ ಜೇಬಿಗೆ ಹಾಕಿ, ವಾಚನ್ನು ನನ್ನ ಕೈಗೆ ಕಟ್ಟಿಬಿಡುತ್ತಿದ್ದರು.

"ನಿಂದು ಗಟ್ಟಿ ಎದೆ. ಅವಳು ನಿಶ್ಚಿಂತೆಯಿಂದ ಇರ್ತಾಳೆ."

"ಗೊತ್ತಾದ್ರೆ ಬೈತಾಳಲ್ಲ ಭಟ್ರೇ?"

"ಒಲೆ ಬಿಟ್ಟು ಮನೇಲಿ ಕೂತು ನಾ ಎಂತ ಮಾಡೂದು ಮಾರಾಯ?"

ಅವರ ಹಟವೇ ಅಂಥದ್ದು. ಅದರ ಮೇಲೆ ನನಗೆ ಈಗಲೂ ಸಿಟ್ಟಿದೆ. ಅಷ್ಟು ಶ್ರದ್ಧೆಯಿಂದ ಒಲೆಯ ಮುಂದೆ ನಿಂತ ಇನ್ನೊಬ್ಬರನ್ನು ನಾನು ಕಂಡಿಲ್ಲ ಎಂಬುದೂ ನಿಜ.

ಬೇಗಾರಿನ ಕಡೆ ಒಂದು ಪೂಜೆಯ ಮನೆ. ಪಾಯಸದ ಪಾತ್ರೆ ಇಳಿಸಿದ ಭಟ್ಟರು ಅಲ್ಲೇ ಗೋಡೆಗೆ ಒರಗಿ ಕುಳಿತರು. ಮತ್ತೆ ಏಳಲಿಲ್ಲ. ಜೀಪಿನಲ್ಲಿ ಆಸ್ಪತ್ರೆಗೆ ಒಯ್ದೆವು. ಡಾಕ್ಟರು ಎದೆಯ ಮೇಲೆ ಸ್ಟೆತೊಸ್ಕೋಪ್ ಇಟ್ಟು ನೋಡಿ, ಅದನ್ನು ಕಿವಿಯಿಂದ ತೆಗೆದರು.

ಮಗಳಿಗೆ ನಾನೇ ಫೋನು ಮಾಡಬೇಕಾಯಿತು. ಸುದ್ದಿ ಕೇಳಿ ಅವಳು ನಂಬಲಿಲ್ಲ.

"ಎಂತ ಹೇಳ್ತಿದೀರಿ ಅಣ್ಣ? ಅಪ್ಪಯ್ಯಂದು ನಂಗಿಲ್ಲಿ ಕಾಣ್ತಾ ಉಂಟು. ಸ್ವಲ್ಪ ಜೋರಾಗಿ ಬಡೀತಿದೆ, ಅಷ್ಟೇ. ಒಲೆ ಹತ್ರ ಇರ್ಬೇಕು."

ಅದು ನನ್ನ ಎದೆ ಎಂದು ಹೇಗೋ ಹೇಳಿದೆ. ಏನು ಮಾಡಬೇಕೆಂದು ತೋಚದೆ, "ವಾಚು ಬಿಚ್ಚಿ ಅವ್ರ ಪಕ್ಕ ಇಡ್ತೇನೆ" ಎಂದು ಪಟ್ಟಿಗೆ ಕೈ ಹಾಕಿದೆ.

"ಬೇಡ ಅಣ್ಣ," ಎಂದಳು. "ನಾ ಬಂದು ಮುಟ್ಟೋವರೆಗೆ ಬಿಚ್ಬೇಡಿ. ಬಸ್ಸಲ್ಲಿ ಆ ಬಡಿತ ನೋಡ್ತಾ ಬರ್ತೇನೆ."