ಮೂರನೇ ಸಲ ಕರೆದಾಗ

ನಮ್ಮ ಅತ್ತೆ ಸೀತಾಬಾಯಿಯವರಿಗೆ ಕೈ ಚಾಚುವ ಮಕ್ಕಳನ್ನು ಕಂಡರೆ ಆಗುತ್ತಿರಲಿಲ್ಲ. ಅವರ ಬಾಯಲ್ಲಿ ಆಸಬುರಕ ಎನ್ನುವುದು ಎಲ್ಲಕ್ಕಿಂತ ದೊಡ್ಡ ಬೈಗುಳ. ಕಳ್ಳ ಅನ್ನಿಸಿಕೊಂಡರೂ ನಡೆದೀತು, ಆಸಬುರಕ ಅನ್ನಿಸಿಕೊಳ್ಳಬಾರದು. ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ನಮ್ಮ ಸಾಲಿನ ಮಕ್ಕಳಿಗೆಲ್ಲ ಅವರು ಆಯಿ. ದಸರೆಯ ಸಂಜೆ ಮನೆಮನೆಗೆ ಹೋಗಿ ಬನ್ನಿ ಕೊಡುವ ಈ ಮಕ್ಕಳು ಉಂಡಿ, ಚೂಡಾ, ಕರಚಿಕಾಯಿ ಆಸೆಗೆ ಮಾನ ಕಳೆಯಬಾರದೆಂದು ಪ್ರತಿ ವರ್ಷ ಹಬ್ಬಕ್ಕೆ ಮುಂಚೆ ನಮ್ಮ ಮನೆಯ ಕಟ್ಟೆಯ ಮೇಲೆ ಒಂದು ಶಾಲೆಯನ್ನೇ ನಡೆಸುತ್ತಿದ್ದರು. ಮಾವ ಚಿತ್ತಾಪುರದಲ್ಲಿ ಮಾಸ್ತರಾಗಿದ್ದವರು. ಛಡಿ ಮಾವನ ಜೊತೆಗೇ ಹೋಯಿತು, ದನಿ ಮಾತ್ರ ಇವರಿಗೆ ಬಿಟ್ಟುಹೋದರು ಅಂತ ನಾನು ನಗೆಯಾಡುತ್ತಿದ್ದೆ, ಅವರಿಗೆ ಕೇಳದ ಹಾಗೆ.

ತೊಂಬತ್ನಾಲ್ಕರ ದಸರೆಗೂ ಶಾಲೆ ಕೂಡಿತು. ಅತ್ತೆಯ ಕೈಯಲ್ಲಿ ಹುರಿದ ಶೇಂಗಾದ ತಾಟು, ಎದುರಿಗೆ ಮಕ್ಕಳ ಸಾಲು.

"ಬನ್ನಿ ಕೊಟ್ಟು ಕಾಲಿಗಿ ನಮಸ್ಕಾರ ಮಾಡ್ರಿ. ತಾಟಿನ ಕಡಿ ಕಣ್ಣು ಹಾಯಸಬ್ಯಾಡ್ರಿ. ಕೊಡ್ಲಿಕ್ಕೆ ಬಂದ್ರ ಮೊದಲ ಬ್ಯಾಡ್ರಿ ಅನ್ರಿ. ಎರಡನೇ ಸಲ ಕೊಟ್ರೂ ಬ್ಯಾಡ್ರಿ ಅನ್ರಿ. ಮೂರನೇ ಸಲಕ್ಕ ಬಲಗೈ ಚಾಚಿ ಒಂದೇ ಒಂದು ತಗೋರಿ. ಅಲ್ಲೇ ಬಾಯಾಗ ತುರುಕ್ಕೋಬ್ಯಾಡ್ರಿ, ಮನಿಗಿ ಬಂದು ತಿನ್ರಿ."

"ಮೂರನೇ ಸಲಾನೂ ಬ್ಯಾಡ ಅಂದ್ರ, ಆಯಿ?" ಎಂದಳು ನನ್ನ ಮಗಳು ಶುಭಾ.

"ಆಗ ಅದು ಖರೇನ ಬ್ಯಾಡ. ಅದರ ಮ್ಯಾಲ ಯಾರೂ ಒತ್ತಾಯ ಮಾಡಬಾರದು."

ಪಕ್ಕದ ಮನೆಯ ಶ್ರುತಿಗೆ ಬೇರೆ ಚಿಂತೆ ಹತ್ತಿತ್ತು. "ಮೊದಲ ಸಲ ಬ್ಯಾಡ ಅಂದಕೂಡ್ಲೆ ಅವರು ತಾಟು ಒಳಗ ಒಯ್ದುಬಿಟ್ರ ಏನ್ ಮಾಡಬೇಕ್ರಿ?"

ಮಕ್ಕಳೆಲ್ಲ ನಕ್ಕರು. ಅತ್ತೆಯೂ ನಕ್ಕರು. "ಒಯ್ಯಂಗಿಲ್ಲವ್ವ. ಕೊಡೋ ಮನಸಿದ್ದವರು ಮೂರು ಸಲ ಕರದೇ ಕರೀತಾರ."

ಉಳಿದ ಮಕ್ಕಳು ಕಟ್ಟೆಯ ಮೇಲೆ ಕೂತಿದ್ದರು, ಶ್ರುತಿ ಕೆಳಗೆ ಪರಸಿ ಕಲ್ಲಿನ ಮೆಟ್ಟಿಲ ಮೇಲೆ. ಅಲ್ಲಿ ಕೂಡು ಎಂದು ಯಾರೂ ಹೇಳಿರಲಿಲ್ಲ. ಕೂಡಬೇಡ ಎಂದೂ ಯಾರೂ ಹೇಳಲಿಲ್ಲ. ಎಲ್ಲರಿಗೂ ಶೇಂಗಾ ಕೊಟ್ಟಾದ ಮೇಲೆ ಅತ್ತೆ ಸ್ವಲ್ಪ ಬಗ್ಗಿ, ಅವಳ ಬೊಗಸೆಗೆ ಮೇಲಿನಿಂದ ಹಾಕಿದರು.

ಅತ್ತೆಯ ಈ ಹಟದ ಬೇರು ಎಲ್ಲಿದೆ ಎಂಬುದು ನನಗೆ ಗೊತ್ತಿತ್ತು. ಒಂದು ಮಧ್ಯಾಹ್ನ ಸಂಡಿಗೆ ಇಡುತ್ತಾ ಅವರೇ ಹೇಳಿದ್ದರು. ಅವರ ತವರು ಸೇಡಂ. ತಂದೆ ಬೇಗ ತೀರಿಕೊಂಡಿದ್ದರಿಂದ ತಾಯಿ ಕಂಡವರ ಮನೆಯಲ್ಲಿ ಅಡಿಗೆ ಮಾಡಿ ಮಕ್ಕಳನ್ನು ಸಾಕಿದರು. ಒಂದು ಹಬ್ಬಕ್ಕೆ ಯಾವುದೋ ದೊಡ್ಡ ಮನೆಯಲ್ಲಿ ಈ ಸೀತಾ ಎಂಬ ಹುಡುಗಿ, ಕೈಯಲ್ಲಿನ ಉಂಡಿ ಮುಗಿಯುವ ಮೊದಲೇ ಇನ್ನೊಂದಕ್ಕೆ ಕೈ ಒಡ್ಡಿದಳಂತೆ. ಮನೆಯಾಕೆ ಪಂಕ್ತಿಯೆಲ್ಲ ಕೇಳುವ ಹಾಗೆ, "ಕೂಸಿಗಿ ಮನ್ಯಾಗ ಹೊಟ್ಟಿಗಿ ಹಾಕಂಗಿಲ್ಲೇನು?" ಅಂದರಂತೆ. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ತಾಯಿ ತಲೆ ಎತ್ತಲಿಲ್ಲವಂತೆ. "ಮನಿಗಿ ಬಂದು ನಾಲ್ಕು ಹೊಡದಿದ್ರ ಮರತುಬಿಡ್ತಿದ್ದೆ. ಹೊಡೀಲಿಲ್ಲ, ಅತ್ತಳು," ಎಂದು ಅತ್ತೆ ಹೇಳಿದ್ದರು. ಅರವತ್ತು ದಾಟಿದರೂ ಆ ನಾಚಿಕೆ ಅವರ ಮೈ ಬಿಟ್ಟಿರಲಿಲ್ಲ.

ಇನ್ನು ಶ್ರುತಿಯ ಮನೆಯ ವಿಷಯ. ತಂದೆ ಭೀಮಶಾ ಕಾಗಿಣಾ ದಂಡೆಯ ಹಳ್ಳಿಯವರು, ತಲೆತಲಾಂತರದಿಂದ ಹೊಳೆಯಲ್ಲಿ ಮೀನು ಹಿಡಿದು ಬದುಕಿದ ಮನೆತನ. ಈಗ ಹಳಿ ದುರಸ್ತಿಯ ಗ್ಯಾಂಗಿನಲ್ಲಿ ನೌಕರಿ. ತಾಯಿ ಶಿವಕಾಂತಮ್ಮ ಹಿಂದಿನ ವರ್ಷ ನಮ್ಮ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದಾಗ, ನನ್ನ ಗಂಡ ಪ್ರಾಣೇಶ ಡ್ಯೂಟಿಯ ಮೇಲಿದ್ದಾಗ, ಎರಡೂ ತೋಳಲ್ಲಿ ಎತ್ತಿ ಟಾಂಗಾದಲ್ಲಿ ಕೂಡಿಸಿಕೊಂಡು ದವಾಖಾನೆಗೆ ಒಯ್ದವರು. ಅಂಥವರ ಮನೆಯಿಂದ ಹಬ್ಬಕ್ಕೆ ನಮಗೆ ಬರುತ್ತಿದ್ದದ್ದು ಬಾಳೆಹಣ್ಣು, ಇಲ್ಲವೆ ತೆಂಗಿನಕಾಯಿ. ನಾವು ವೈಷ್ಣವರು, ಅತ್ತೆಯದು ಕಟ್ಟಾ ಮಡಿ. ಬೇರೆಯವರ ಒಲೆಯ ಮೇಲೆ ಬೆಂದದ್ದನ್ನು ಅವರು ಮುಟ್ಟುತ್ತಿರಲಿಲ್ಲ. ಶಿವಕಾಂತಮ್ಮ ಯಾರೂ ಹೇಳದೆಯೇ ಅದನ್ನು ಅರಿತು ನಡೆದುಕೊಂಡಿದ್ದರು. ತೋಳಲ್ಲಿ ಹೊತ್ತರೆ ಇಲ್ಲದ ಮೈಲಿಗೆ ತಾಟಿನಲ್ಲಿ ಕೊಟ್ಟರೆ ಎಲ್ಲಿಂದ ಬರುತ್ತದೆ ಎಂದು ನಾನು ಗಂಡನ ಹತ್ತಿರ ಜಗಳ ತೆಗೆಯುತ್ತಿದ್ದೆ. ಅತ್ತೆಯ ಎದುರಿಗೆ ತೆಗೆಯುತ್ತಿರಲಿಲ್ಲ.

ಆ ವರ್ಷ ಹಬ್ಬದ ಹಿಂದಿನ ದಿನ ನಳದ ಹತ್ತಿರ ಶಿವಕಾಂತಮ್ಮ ನನ್ನನ್ನು ನಿಲ್ಲಿಸಿದರು.

"ಅಕ್ಕಾರ, ಒಂದು ಮಾತು. ನಾಳೆ ಶೇಂಗಾ ಹೋಳಿಗಿ ಮಾಡಾಕತ್ತೀನಿ. ಶುಭಾಗ ಒಂದು ಕೊಟ್ರ ನಡೀತದೇನ್ರಿ? ನಮ್ಮ ಹುಡುಗಿ ಜೀವ ತಿನ್ನಾಕತ್ಯಾಳ, ನನ್ನ ಗೆಳತಿಗಿ ಕೊಡಲೇಬೇಕು ಅಂತ."

"ಕೊಡ್ರಿ, ಅದಕ್ಕೇನ್ ಕೇಳ್ತೀರಿ," ಎಂದುಬಿಟ್ಟೆ. ಇಬ್ಬರೂ ಹುಡುಗಿಯರು ಶಾಲೆಯಲ್ಲಿ ಒಂದೇ ಡಬ್ಬಿಯಲ್ಲಿ ತಿನ್ನುತ್ತಾರೆ ಎಂಬುದು ನನಗೆ ಗೊತ್ತಿತ್ತು. ಅನ್ನುವುದೇನೋ ಅಂದೆ, ಕೊಡ ತುಂಬುವಷ್ಟರಲ್ಲಿ ಅತ್ತೆಯ ಮುಖ ಕಣ್ಣಮುಂದೆ ಬಂತು. ಆಮೇಲೆ ಗೊತ್ತಾಗಿ ರಾದ್ಧಾಂತ ಆಗುವುದು ಬೇಡವೆಂದು ಅತ್ತೆಗೆ ಹೇಳಿಯೇಬಿಟ್ಟೆ. ಅವರು ಹೂಬತ್ತಿ ಹೊಸೆಯುತ್ತಿದ್ದರು. ಕೈ ನಿಂತಿತು. ಹೊಸೆದ ಬತ್ತಿಯನ್ನು ಬದಿಗಿಟ್ಟು, "ಕೂಸು ತಿಂದ್ರ ತಿನ್ನಲಿ, ಹಬ್ಬ. ನಾ ಏನ್ ನೋಡ್ಲಿಕ್ಕೆ ಹೋಗ್ತೀನಿ?" ಎಂದರು. ಅವರ ಮಟ್ಟಿಗೆ ಅದು ಬೆಟ್ಟ ಸರಿಸಿದಷ್ಟು ದೊಡ್ಡ ಮಾತು. ನನಗೆ ಕಣ್ಣು ತುಂಬಿ ಬಂತು.

ದಸರೆಯ ಸಂಜೆ ಮಕ್ಕಳು ಸಿಮೆಂಟ್ ಕಾರ್ಖಾನೆಯ ಧೂಳು ಕೂತ ಬನ್ನಿಯನ್ನು ತೊಳೆದು ಹಿಡಿದುಕೊಂಡು ಹೊರಟರು. ಶಿವಕಾಂತಮ್ಮನ ಬಾಗಿಲಲ್ಲಿ ನಮ್ಮ ಸಾಲಿನ ಇಮಾಮ್ಬೀ ಮತ್ತೆ ಇಬ್ಬರು ಹೆಂಗಸರು ನಿಂತು ಮಾತಾಡುತ್ತಿದ್ದರು. ನಾನು ನಮ್ಮ ಕಟ್ಟೆಯಿಂದಲೇ ನೋಡುತ್ತಿದ್ದೆ. ಶುಭಾ ಬನ್ನಿ ಕೊಟ್ಟಳು. "ಬನ್ನಿ ತಗೊಂಡು ಬಂಗಾರದಂಗ ಇರೂನ್ರಿ," ಎಂದು ಕಾಲಿಗೆ ನಮಸ್ಕರಿಸಿದಳು. ಶಿವಕಾಂತಮ್ಮ ಅವಳ ತಲೆ ಸವರಿ, ತಾಟಿನಿಂದ ಒಂದು ಹೋಳಿಗೆ ಎತ್ತಿ ಮುಂದೆ ಹಿಡಿದರು. ಎಲ್ಲರೂ ನೋಡುತ್ತಿದ್ದರು.

"ಬ್ಯಾಡ್ರಿ," ಎಂದಳು ನನ್ನ ಮಗಳು, ಅಜ್ಜಿ ಕಲಿಸಿದಂತೆ ಸ್ಪಷ್ಟವಾಗಿ, ನೆಲ ನೋಡುತ್ತಾ.

ಶಿವಕಾಂತಮ್ಮನ ಕೈ ಅಲ್ಲೇ ನಿಂತಿತು. ಇನ್ನೊಂದು ಸಲ ಕರೆಯಲಿಲ್ಲ. ಹೇಗೆ ಕರೆದಾರು? ನಮ್ಮ ಮನೆಯ ಕೂಸು ಅವರ ಬಾಗಿಲಲ್ಲಿ ಬೇಡ ಅಂದರೆ ಅದಕ್ಕೆ ಇರುವುದು ಒಂದೇ ಅರ್ಥ, ಆ ಅರ್ಥವನ್ನು ವರ್ಷಗಟ್ಟಲೆ ಅವರಿಗೆ ಕಲಿಸಿದವರು ನಾವೇ. ಎರಡನೇ ಸಲ ಕರೆದರೆ ಮಡಿ ಕೆಡಿಸಲು ಬಂದಂತೆ ಆಗುತ್ತದೆ. ಹೋಳಿಗೆಯನ್ನು ತಾಟಿಗೆ ಇಟ್ಟು, ಮುಖ ತಿರುಗಿಸಿ ಒಳಗೆ ಹೋಗಿ ಬಾಳೆಹಣ್ಣು ತಂದು ಕೊಟ್ಟರು. ಇಮಾಮ್ಬೀ ಸೆರಗು ಸರಿಮಾಡಿಕೊಳ್ಳುತ್ತಾ ಬೇರೆ ಕಡೆ ನೋಡಿದರು. ಶುಭಾ ಅಲ್ಲೇ ನಿಂತಿದ್ದಳು, ಇನ್ನೂ ಎರಡು ಸಲ ಕರೆಯುತ್ತಾರೆಂದು ಕಾಯುತ್ತಾ. ನನ್ನ ಬಾಯಿ ಇಡೀ ಸಾಲಿಗೆ ಗೊತ್ತಿರುವ ಬಾಯಿ, ಆಗ ಮಾತ್ರ ನಾನು ಕಟ್ಟೆಯಿಂದ ಇಳಿಯಲೇ ಇಲ್ಲ.

ಮಗಳು ಅಳುತ್ತಾ ಮನೆಗೆ ಬಂದಳು. "ಆಯಿ, ಮೂರು ಸಲ ಕರೀತಾರ ಅಂದಿದ್ದಿ. ಅವರು ಒಂದೇ ಸಲ ಕರದು ಒಳಗ ಒಯ್ದರು. ನಂಗ ಹೋಳಿಗಿ ಬೇಕಾಗಿತ್ತು."

ಅತ್ತೆಗೆ ತಕ್ಷಣ ತಿಳಿಯಿತು. ಮುಖ ಇಷ್ಟೇ ಇಷ್ಟಾಯಿತು. "ಅಯ್ಯ, ಅದು ಬರೇ ರೀತಿಗಿ ಅಂದದ್ದು. ಪ್ರಮಿತಾ, ಹೋಗಿ ಹೇಳು ಅವರಿಗಿ," ಎಂದರು.

ನನಗೆ ಸಿಟ್ಟು ನೆತ್ತಿಗೇರಿತ್ತು. "ಏನಂತ ಹೇಳ್ಲಿ ಅತ್ಯಾ? ಇಷ್ಟು ವರ್ಷ ಬ್ಯಾಡ ಅಂದದ್ದು ಖರೇ, ಇವತ್ತಿಂದು ಮಾತ್ರ ಸುಳ್ಳು ಅಂತ ಹೇಳ್ಲೇನು? ಹೇಳೋದು ಆಚಾರ, ತಿನ್ನೋದು ಬದನಿಕಾಯಿ ಅಂತಾರ. ನಂಬ್ತಾರೇನು?"

ಅಷ್ಟು ಒರಟಾಗಿ ಎಂದೂ ಅವರೊಡನೆ ಮಾತಾಡಿರಲಿಲ್ಲ. ಅವರು ತಿರುಗಿ ಬೈಯಲಿಲ್ಲ. ದೇವರ ಮುಂದಿನ ಬನ್ನಿಯಲ್ಲಿ ಒಂದು ಎಸಳು ಎತ್ತಿಕೊಂಡು, ಶುಭಾಳ ಕೈ ಹಿಡಿದು ತಾವೇ ಹೊರಟರು. ಚಿಕ್ಕವರು ದೊಡ್ಡವರ ಮನೆಗೆ ಬನ್ನಿ ಒಯ್ಯುವುದು ರೂಢಿ. ಅದನ್ನು ಮಕ್ಕಳಿಗೆ ಕಲಿಸಿದವರೂ ಅವರೇ. ನಾನು ಹಿಂದೆ ಹೋದೆ.

ಶಿವಕಾಂತಮ್ಮ ಗಾಬರಿಬಿದ್ದು ಜಮಖಾನೆ ಹಾಸಿದರು. "ಬರ್ರಿ ಆಯಿ, ಕುಂದ್ರಿ. ನೀವ್ಯಾಕ ಬಂದ್ರಿ, ಹೇಳಿಕಳಿಸಿದ್ರ ನಾನೇ ಬರ್ತಿದ್ನಲ್ರಿ."

ಅತ್ತೆ ಕೂಡಲಿಲ್ಲ. ಬನ್ನಿ ಕೊಟ್ಟರು. "ಶಿವಕಾಂತಾ, ಕೂಸು ಬ್ಯಾಡ ಅಂದದ್ದು ನಾ ಕಲಿಸಿದ್ದವ್ವ. ಎರಡು ಸಲ ಬ್ಯಾಡ ಅಂದು ಮೂರನೇ ಸಲಕ್ಕ ತಗೋಬೇಕು ಅಂತ ಹೇಳಿದ್ದೆ. ಬ್ಯಾರೆ ಏನೂ ಇದ್ದಿಲ್ಲ."

"ಇರ್ಲಿ ಬಿಡ್ರಿ ಆಯಿ," ಎಂದರು ಶಿವಕಾಂತಮ್ಮ ನಗುತ್ತಾ. "ನಿಮ್ಮ ಮಡಿ ನಮಗ ಗೊತ್ತಿಲ್ಲೇನ್ರಿ? ನಾನೇ ಹುಚ್ಚಿ, ಹುಡುಗಿ ಮಾತು ಕೇಳಿ ಕೊಡಾಕ ಹೋದೆ. ಮನಸಿಗಿ ಹಚ್ಕೋಬ್ಯಾಡ್ರಿ."

ಅವರು ನಂಬಲಿಲ್ಲ. ನಂಬದೆಯೂ ಅತ್ತೆಯನ್ನೇ ಸಮಾಧಾನ ಮಾಡುತ್ತಿದ್ದರು. ಎರಡು ಬೈದಿದ್ದರೆ ಸುಖವಾಗಿರುತ್ತಿತ್ತು. ಅತ್ತೆಗಾಗಿ ಅವರು ಸಕ್ಕರೆ, ಬಾಳೆಹಣ್ಣು ತರಲು ಒಳಗೆ ಹೋದರು. ಅಷ್ಟರಲ್ಲಿ ಶ್ರುತಿ ಹೋಳಿಗೆಯ ತಾಟು ಎತ್ತಿಕೊಂಡು ಬಂದಳು. ಮೊದಲು ಶುಭಾಳ ಕೈಗೆ ಒಂದು ಹಾಕಿ, ಆಮೇಲೆ ಅತ್ತೆಯ ಎದುರು ಹಿಡಿದಳು.

"ತಗೋರಿ ಆಯಿ."

"ಬ್ಯಾಡವ್ವ," ಎಂದರು ಅತ್ತೆ.

ಶ್ರುತಿಯ ಮುಖದಲ್ಲಿ ನಗು. ಆಟ ಅವಳಿಗೆ ಗೊತ್ತಿತ್ತು. "ತಗೋರಿ ಆಯಿ."

"ಬ್ಯಾಡ, ನನ್ನವ್ವ."

"ತಗೋರಿ," ಎಂದು ಮೂರನೇ ಸಲ ತಾಟನ್ನು ಇನ್ನಷ್ಟು ಮೇಲೆತ್ತಿದಳು.

ಸಕ್ಕರೆಯ ಬಟ್ಟಲು ಹಿಡಿದುಕೊಂಡ ಶಿವಕಾಂತಮ್ಮ ಒಳಬಾಗಿಲಲ್ಲೇ ನಿಂತುಬಿಟ್ಟರು. ಅತ್ತೆಯ ಹಣೆಯ ಮೇಲೆ ಬೆವರು. ಬಲಗೈ ಚಾಚಿ ಒಂದೇ ಒಂದು ಹೋಳಿಗೆ ತೆಗೆದುಕೊಂಡರು. "ಮನಿಗಿ ಒಯ್ದು ತಿಂತೀನವ್ವ. ಅಲ್ಲೇ ತಿನ್ನಬಾರದಲ್ಲ," ಎಂದರು. ಶ್ರುತಿ ಕುಣಿಯುತ್ತಾ ಒಳಗೆ ಓಡಿದಳು. ಶಿವಕಾಂತಮ್ಮ ಮಾತ್ರ ಅತ್ತೆಯ ಮುಖ ನೋಡಿ, ಬೇಗನೆ ಕಣ್ಣು ಕೆಳಗಿಳಿಸಿದರು.

ಮನೆಗೆ ಬಂದು ಅತ್ತೆ ಹೋಳಿಗೆಯನ್ನು ಎಲೆಯ ಮೇಲಿಟ್ಟುಕೊಂಡು ಕೂತರು. ಒಂದು ತುಣುಕು ಮುರಿದು ಬಾಯಿಯ ತನಕ ಒಯ್ದರು. ಕೆಳಗಿಳಿಸಿದರು. ಮತ್ತೊಮ್ಮೆ ಎತ್ತಿದರು. ಆಗಲಿಲ್ಲ. "ನನ್ನಿಂದ ಆಗವಲ್ದು, ಪ್ರಮಿತಾ," ಎಂದು ಎದ್ದುಹೋಗಿ ಕೈ ತೊಳೆದುಕೊಂಡರು. ಬಹಳ ಹೊತ್ತು ತೊಳೆದರು. ಆ ಹೋಳಿಗೆಯನ್ನು ನಾನು ತಿಂದೆ, ಅಡಿಗೆಮನೆಯ ಬಾಗಿಲು ಮುಚ್ಚಿಕೊಂಡು, ಗೋಡೆಯ ಕಡೆ ಮುಖ ಮಾಡಿ. ನನ್ನ ಧೈರ್ಯವೂ ಅಷ್ಟೇ. ರುಚಿ ಬಹಳ ಚೆನ್ನಾಗಿತ್ತು.

ಮರುದಿನ ಬೆಳಿಗ್ಗೆ ಶ್ರುತಿ ಆಡಲು ಬಂದು ಮೆಟ್ಟಿಲ ಮೇಲೆ ಕೂತಳು. ಅತ್ತೆ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದರು. ಹೋಳಿಗೆ ಹೇಗಿತ್ತು ಎಂದು ಅವಳು ಈಗ ಕೇಳುತ್ತಾಳೆ, ಆಗ ಕೇಳುತ್ತಾಳೆ ಎಂದು ಅವರು ಕಾಯುತ್ತಿದ್ದದ್ದು ನನಗೆ ಗೊತ್ತಾಗುತ್ತಿತ್ತು. ಅವಳು ಕೇಳಲಿಲ್ಲ. ಕಡೆಗೆ ತಡೆಯಲಾರದೆ ಅವರೇ ಬಾಯಿಬಿಟ್ಟರು.

"ಶ್ರುತಿ, ನಾ ಹೋಳಿಗಿ ತಿನ್ಲಿಲ್ಲವ್ವ."

"ಗೊತ್ತದ್ರಿ ಆಯಿ," ಎಂದಳು ಹುಡುಗಿ. "ಕೇಳಬ್ಯಾಡ ಅಂತ ಅವ್ವ ಹೇಳ್ಯಾಳ. ಕೇಳಿದ್ರ ಆಯಿಗಿ ನಾಚಿಕಿ ಆಗ್ತದಂತ."

ಅತ್ತೆಯ ಕೈಯಲ್ಲಿದ್ದ ಮೊರ ವಾಲಿ ಅಕ್ಕಿ ಚೆಲ್ಲಿತು. ಕೊಟ್ಟದ್ದನ್ನು ತೆಗೆದುಕೊಳ್ಳುವ ರೀತಿಯನ್ನು ಇವರು ಊರಿಗೆಲ್ಲ ಕಲಿಸಿದ್ದರು. ಕೊಟ್ಟವರ ಮನೆಯಲ್ಲಿ ಶಿವಕಾಂತಮ್ಮ, ತೆಗೆದುಕೊಂಡವರ ಮಾನ ಕಾಯುವುದನ್ನು ಮಗಳಿಗೆ ಕಲಿಸಿದ್ದರು. ಅತ್ತೆ ಚೆಲ್ಲಿದ ಅಕ್ಕಿಯನ್ನು ಬಳಿದು ಬದಿಗೆ ಸರಿಸಿ, ತಮ್ಮ ಪಕ್ಕದಲ್ಲಿ ಜಾಗ ಮಾಡಿದರು.

"ಮ್ಯಾಲ ಬಾರವ್ವ. ಇಲ್ಲಿ ನನ್ನ ಬಾಜೂಕ ಕುಂದ್ರು."

"ಬ್ಯಾಡ್ರಿ," ಎಂದಳು ಶ್ರುತಿ.

"ಬಾರವ್ವ, ಶ್ರುತಿ."

"ಬ್ಯಾಡ್ರಿ ಆಯಿ."

ಅತ್ತೆಯ ಮುಖದಲ್ಲಿ ಸ್ವಲ್ಪ ಬೆಳಕು ಬಂತು. ತಾವೇ ಕಲಿಸಿದ ಪಾಠವಲ್ಲವೆ, ಹುಡುಗಿ ಚೆನ್ನಾಗಿ ಕಲಿತಿದ್ದಾಳೆ. ಕೈ ಚಾಚಿ, "ಬಾ ನನ್ನ ಬಂಗಾರ," ಎಂದು ಮೂರನೇ ಸಲ ಕರೆದರು.

ಶ್ರುತಿ ಒಮ್ಮೆ ಕಟ್ಟೆಯನ್ನು ನೋಡಿದಳು, ಒಮ್ಮೆ ಚಾಚಿದ ಆ ಕೈಯನ್ನು ನೋಡಿದಳು.

"ಬ್ಯಾಡ್ರಿ ಆಯಿ. ಇಲ್ಲೇ ಛಲೋ ಅದ."

ಸಿಟ್ಟಿನಿಂದ ಅಂದದ್ದಲ್ಲ, ಮೃದುವಾಗಿಯೇ ಅಂದಳು. ಮೂರನೇ ಸಲವೂ ಬೇಡ ಅಂದ ಮೇಲೆ ಯಾರೂ ಒತ್ತಾಯ ಮಾಡಬಾರದು. ಅತ್ತೆಯೂ ಮಾಡಲಿಲ್ಲ. ಚಾಚಿದ ಕೈಯನ್ನು ಮೆಲ್ಲಗೆ ಹಿಂದೆ ತೆಗೆದುಕೊಂಡು ಸೆರಗಿನೊಳಗೆ ಇಟ್ಟುಕೊಂಡರು. ಆ ಕಟ್ಟೆಯ ಮೇಲೆ ಮತ್ತೆಂದೂ ಅವರು ಮಕ್ಕಳಿಗೆ ಏನನ್ನೂ ಕಲಿಸಲಿಲ್ಲ.